ಪರದೆಗಿಂತ ಅದರಾಗ ಏನು ನೋಡ್ತಾರ ಅನ್ನೋದು ಮುಖ್ಯರಿ

ಗಂಗಾವತಿಯಿಂದ ಕೇಳೀರಿ: ಅಪ್ಪಾರಿಗೆ 68, ದಿನವಿಡೀ ಫೋನ್ ಹಿಡಿದಿರ್ತಾರ, ಅಮೊಲೆಡ್ ಪರದೆಯಿಂದ (ಚುಕ್ಕಿಗಳೇ ಬೆಳಗೂ ಪರದೆ) ಮರೆವು ಬರ್ತದೇನು, ಎಲ್‌ಸಿಡಿ (ಹಿಂದಿನ ದೀಪದಿಂದ ಬೆಳಗೂ ಪರದೆ) ಫೋನ್ ಕೊಡಿಸಲೇನು ಅಂತ. ಅದಕ್ಕಾಗಿ ಫೋನ್ ಬದಲಿಸಬ್ಯಾಡ್ರಿ. ಬೆಳಕು ತಗ್ಗಿಸಿದಾಗ ಕೆಲವು ಅಮೊಲೆಡ್ ಪರದೆ ಕಣ್ಣಿಗೆ ಕಾಣದಂಗ ಮಿಣುಕ್ತಾವ, ಕೆಲವರಿಗೆ ತಲಿನೋವು ಬರ್ತದ. ಅಷ್ಟೇ. ಅದರಿಂದ ಮರೆವು ಬರ್ತದ ಅನ್ನೋಕೆ ಪುರಾವೆ ಇಲ್ಲ.

2022ರಾಗ ಬ್ರಿಟನ್ನಿನ 60 ದಾಟಿದ ಸುಮಾರು 1.45 ಲಕ್ಷ ಜನರ ಅಧ್ಯಯನ ಬಂತು. ಟಿವಿ ಮುಂದ ಹೆಚ್ಚು ಕೂತವರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಹೆಚ್ಚು, ಕಂಪ್ಯೂಟರ್ ಬಳಸೋರಲ್ಲಿ ಕಡಿಮೆ ಕಂಡಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ, ಆದರ ಸುಮ್ನ ನೋಡೂದಕ್ಕಿಂತ ತಲಿ ಓಡಿಸೂ ಕೆಲಸ ಒಳ್ಳೇದೇನೋ ಅಂತ ನನಗ ದಾರಿ ತೋರಿಸ್ತು.

ಸಿಂಧನೂರಾಗ ನಮ್ಮವ್ವ ಹೊರಸಿನ ಮ್ಯಾಲ ಮಲಗಿ ಹೆಬ್ಬೆರಳಿಂದ ರೀಲ್ಸ್ ಸರಿಸ್ತಿದ್ಲು. ಈಗಷ್ಟೇ ಏನು ನೋಡಿದಿ ಅಂದ್ರ ನೆನಪಿರ್ತಿರಲಿಲ್ಲ. ಈಗ ಚಿಗವ್ವಗ ತಾನೇ ಕನ್ನಡದಾಗ ಮೆಸೇಜ್ ಬರಿತಾಳ. ‘ರೊಟ್ಟಿ’ಯ ಒತ್ತಕ್ಷರ ಹುಡುಕಿ ಕೂಡಿಸೂದು ನೋಡಾಕ ಖುಷಿ ಆಗ್ತದ.

ಅಪ್ಪಾರಿಗೂ ಹಂಗ ಏನಾರ ಹಚ್ರಿ, ಮಲಗೂ ಮುಂಚೆ ಫೋನ್ ಬ್ಯಾಡ. ಮರೆವಿನ ಚಿಂತಿ ಇದ್ರ ಬಿಪಿ, ಶುಗರ್, ಕಿವಿ ಕೇಳೂದು ತಪಾಸಣೆ ಮಾಡಿಸ್ರಿ. ಗೊತ್ತಿದ್ದ ದಾರಿನೇ ತಪ್ಪತಿದ್ರ ತಡ ಮಾಡದೆ ಡಾಕ್ಟರ್ ಹತ್ರ ಕರಕೊಂಡು ಹೋಗ್ರಿ. ವಿಟಮಿನ್ ಬಿ12, ಥೈರಾಯ್ಡ್ ಕಡಿಮೆಯಾದ್ರೂ ಮರೆವು ಬರ್ತದ, ಅದಕ್ಕ ಔಷಧ ಐತಿ.