ಗೇರ್ ಬಾಕ್ಸ್ ಬದಲಾದ ಲಾರಿಗೆ ಎಷ್ಟು ಉದ್ದದ ಪ್ರೊಪೆಲ್ಲರ್ ಶಾಫ್ಟ್?

ಪ್ರಶ್ನೆ: ಸರ್, ನನ್ನದು ಟಾಟಾ 1613 ಲಾರಿ. ಹಿರಿಯೂರಿನಿಂದ ಬೆಂಗಳೂರಿಗೆ ಈರುಳ್ಳಿ ಲೋಡ್ ಹೊಡೆಯುತ್ತೇನೆ. ಐದು ಗೇರಿನ ಹಳೇ ಬಾಕ್ಸ್ ತೆಗೆಸಿ ಆರು ಗೇರಿನ ಸೆಕೆಂಡ್ ಹ್ಯಾಂಡ್ ಬಾಕ್ಸ್ ಕೂರಿಸಿದೆ. ಅದು ಹಳೇದಕ್ಕಿಂತ ಎರಡು ಇಂಚು ಉದ್ದ. ಮೆಕ್ಯಾನಿಕ್, ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗನ್ನು ಅಷ್ಟೇ ಹಿಂದಕ್ಕೆ ಸರಿಸಿ ಹಳೇ ಶಾಫ್ಟನ್ನೇ ಹಾಕಿಕೊಟ್ಟರು. ಈಗ ಐವತ್ತು ದಾಟಿದರೆ ಗಾಡಿ ನಡುಗುತ್ತದೆ. ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆ, ಹಿಂದಿನ ಆ್ಯಕ್ಸಲ್ ಹೌಸಿಂಗ್ ಮುಂದೆ ಆಯಿಲ್ ಜಿನುಗುತ್ತಿದೆ. ಹೊಸ ಶಾಫ್ಟ್ ಎಷ್ಟು ಉದ್ದದ್ದು ತರಲಿ?

ಉತ್ತರ: ಹೊಸ ಶಾಫ್ಟ್ ತರುವ ಮೊದಲು ಸೆಂಟರ್ ಬೇರಿಂಗನ್ನು ಅದರ ಮೂಲ ಜಾಗಕ್ಕೆ ವಾಪಸ್ ತನ್ನಿ. ನಿಮ್ಮ ತೊಂದರೆಯ ಬೇರು ಅಲ್ಲೇ ಇರುವ ಹಾಗೆ ಕಾಣುತ್ತದೆ. ನಿಮ್ಮ ಶಾಫ್ಟ್ ಎರಡು ತುಂಡಿನದು. ಮುಂದಿನ ತುಂಡಿಗೆ ಹಿಗ್ಗುವ ಕುಗ್ಗುವ ಅವಕಾಶವೇ ಇಲ್ಲ. ಅದು ಇರುವುದು ಹಿಂದಿನ ತುಂಡಿನ ಸ್ಪ್ಲೈನ್ ಜಾಯಿಂಟ್‌ನಲ್ಲಿ, ಅಂದರೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆಯಲ್ಲಿ. ಬೇರಿಂಗ್ ಎರಡು ಇಂಚು ಹಿಂದಕ್ಕೆ ಹೋದರೆ ಆ ಸ್ಪ್ಲೈನ್ ಎರಡು ಇಂಚು ಒಳಕ್ಕೆ ಹೋಗಿ ಕೂರುತ್ತದೆ. ಗಾಡಿ ಗುಂಡಿಗೆ ಬಿದ್ದು ಆ್ಯಕ್ಸಲ್ ಆಡಿದಾಗ ಅದಕ್ಕೆ ಸರಿಯಲು ಜಾಗ ಉಳಿಯುವುದಿಲ್ಲ. ಆ ಗುದ್ದು ಒಂದು ಕಡೆ ಸೆಂಟರ್ ಬೇರಿಂಗಿಗೆ, ಇನ್ನೊಂದು ಕಡೆ ಹೌಸಿಂಗಿನಲ್ಲಿ ಶಾಫ್ಟ್ ಸೇರುವ ಪಿನಿಯನ್ ಗೇರಿಗೆ ಬೀಳುತ್ತದೆ. ರಬ್ಬರ್ ಹರಿದದ್ದು, ಪಿನಿಯನ್ನಿನ ಆಯಿಲ್ ಸೀಲ್ ಸೋರಿದ್ದು ಎರಡಕ್ಕೂ ಇದೊಂದೇ ಕಾರಣ ಸಾಕು.

ಹಾಗಾಗಿ ಸಣ್ಣದಾಗಬೇಕಾದ್ದು ಮುಂದಿನ ತುಂಡು. ಎಷ್ಟು ಸಣ್ಣದು? 'ಎರಡು ಇಂಚು' ಎಂದು ಬಾಯಲ್ಲಿ ಹೇಳಿ ಲೇತ್‌ಗೆ ಕೊಡಬೇಡಿ. ಮಾಡೆಲ್ ಹೆಸರು ಹೇಳಿ ಜೆ.ಸಿ. ರಸ್ತೆಯಲ್ಲೋ ಕಲಾಸಿಪಾಳ್ಯದಲ್ಲೋ ಹಳೇ ಶಾಫ್ಟ್ ಕೊಳ್ಳಲೂ ಹೋಗಬೇಡಿ. ಒಂದೇ ಮಾಡೆಲ್ ಲಾರಿ ಬೇರೆ ಬೇರೆ ವೀಲ್‌ಬೇಸ್‌ನಲ್ಲಿ (ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ಅಂತರ) ಬಂದಿರುತ್ತದೆ. ಅಳತೆ ನಿಮ್ಮ ಗಾಡಿಯಲ್ಲೇ ಸಿಗಬೇಕು.

ಗೇರ್ ಬಾಕ್ಸ್ ತನ್ನ ಮೌಂಟಿಂಗ್ ಮೇಲೆ ಪೂರ್ತಿ ಟೈಟ್ ಆಗಿರಲಿ. ಗಾಡಿ ಸಮತಟ್ಟು ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಲಿ. ಚಾಸಿಗೆ ಜಾಕ್ ಕೊಟ್ಟು ಆ್ಯಕ್ಸಲ್ ನೇತಾಡುವಾಗ ಹಿಡಿದ ಅಳತೆ ಪ್ರಯೋಜನಕ್ಕೆ ಬಾರದು. ಗಾಡಿ ಉರುಳದಂತೆ ಚಕ್ರಕ್ಕೆ ಕಟ್ಟೆ ಕೊಟ್ಟೇ ಕೆಳಗೆ ನುಗ್ಗಿ. ಶಾಫ್ಟ್ ಬೋಲ್ಟ್ ಆಗುವ ಬಾಕ್ಸಿನ ಫ್ಲೇಂಜ್ ಮುಖದಿಂದ, ಮೂಲ ಜಾಗದಲ್ಲಿ ಕೂತ ಸೆಂಟರ್ ಬೇರಿಂಗಿನ ನಡುವಿನವರೆಗೆ ಸ್ಟೀಲ್ ಟೇಪ್ ಹಿಡಿದು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಬಿಚ್ಚಿಟ್ಟ ಹಳೇ ತುಂಡಿನಲ್ಲೂ ಅದೇ ಎರಡು ಜಾಗಗಳ ನಡುವೆ ಅಳೆಯಿರಿ. ಎರಡರ ವ್ಯತ್ಯಾಸವೇ ಕತ್ತರಿಸಬೇಕಾದ ಉದ್ದ. ಬೇರಿಂಗಿನ ರಬ್ಬರ್ ಹಿಂದಕ್ಕೂ ಮುಂದಕ್ಕೂ ಎಳೆಯದೆ ನೇರವಾಗಿ ಕೂರಬೇಕು.

ಹಿಂದಿನ ತುಂಡಿನ ಉದ್ದ ಬದಲಾಗುವುದಿಲ್ಲ. ಆದರೂ ಸ್ಪ್ಲೈನ್ ಪರೀಕ್ಷಿಸಿ. ಪೂರ್ತಿ ಒಳಗೆ ತಳ್ಳಿದಾಗಿನ ಜಾಗಕ್ಕೂ ಗಾಡಿಯಲ್ಲಿ ಕೂತ ಜಾಗಕ್ಕೂ ಕನಿಷ್ಠ 25 ಮಿ.ಮೀ. ಬಿಡುವಿರಲಿ. ಖಾಲಿ ಗಾಡಿಯಲ್ಲಿ ಒಮ್ಮೆ, ಈರುಳ್ಳಿ ತುಂಬಿದ ಮೇಲೆ ಇನ್ನೊಮ್ಮೆ ನೋಡಿ. ಸ್ಪ್ರಿಂಗ್ ಪ್ಲೇಟುಗಳು ಲೋಡಿಗೆ ಚಪ್ಪಟೆಯಾದಾಗ ಆ್ಯಕ್ಸಲ್ ಮೇಲೇಳುವುದಷ್ಟೇ ಅಲ್ಲ, ಹಿಂದಕ್ಕೂ ಸರಿಯುತ್ತದೆ.

ಲೇತ್ ಕೆಲಸದ ಬಗ್ಗೆ ನಾನು ಸ್ವಲ್ಪ ಹಟಮಾರಿ. ಟ್ಯೂಬ್ ಕತ್ತರಿಸುವ ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದಕ್ಕೆ ಗೆರೆ ಗೀಚಿಸಿ. ಯೋಕ್ (ಟ್ಯೂಬಿನ ತುದಿಯ ಕವಲು) ಮತ್ತೆ ಕೂರಿಸುವಾಗ ಅದು ಆ ಗೆರೆಗೇ ಬರಬೇಕು. ಮೊದಲು ನಾಲ್ಕು ಕಡೆ ಟ್ಯಾಕ್ (ಚಿಕ್ಕ ತಾತ್ಕಾಲಿಕ ವೆಲ್ಡ್) ಹಾಕಿ, ಡಯಲ್ ಗೇಜ್ ಇಟ್ಟು ತಿರುಗಿಸಿ, ಓಟ (ತಿರುಗುವಾಗಿನ ಓಲಾಟ) ಅರ್ಧ ಮಿಲಿಮೀಟರ್ ಒಳಗಿದ್ದರೆ ಮಾತ್ರ ಪೂರ್ತಿ ವೆಲ್ಡ್. ಆಮೇಲೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿಸಲೇಬೇಕು. ಟ್ಯೂಬಿನ ಮೇಲೆ ಈಗಿರುವ ತೂಕದ ತುಣುಕುಗಳು ಹಳೇ ಉದ್ದಕ್ಕೆ ಹೊಂದಿಸಿದ್ದವು. ಹಿಂದಿನ ತುಂಡನ್ನು ಜೋಡಿಸುವಾಗ ಸ್ಪ್ಲೈನ್ ಹತ್ತಿರ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಗ್ರೀಸು ಮಣ್ಣಿನಡಿ ಎರಡು ಬಾಣದ ಗುರುತು ಇರುತ್ತವೆ, ಅವು ಎದುರುಬದುರು ಬರಬೇಕು. ಒಂದು ಹಲ್ಲು ತಪ್ಪಿದರೂ ಯೋಕ್‌ಗಳ ನೇರ ತಪ್ಪಿ ಶಾಫ್ಟ್ ನಡುಗುತ್ತದೆ.

ಬಾಕ್ಸಿನ ಫ್ಲೇಂಜ್ ಬೋಲ್ಟುಗಳು ಶಾಫ್ಟಿನ ತೂತಿಗೆ ಸರಿಹೊಂದದಿದ್ದರೆ ತೂತು ಅಗಲ ಮಾಡಿಸಬೇಡಿ, ಸರಿಯಾದ ಫ್ಲೇಂಜನ್ನೇ ಹುಡುಕಿ. ಫ್ಲೇಂಜ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಬ್ಯಾಲೆನ್ಸ್ ಮಾಡಿಸಿದ್ದು ವ್ಯರ್ಥ. ಯೋಕ್‌ಗಳನ್ನು ಜೋಡಿಸುವ ಕ್ರಾಸ್ ಕೂಡ ಸಣ್ಣ ಸೈಜಿಗೆ ಇಳಿಸಬೇಡಿ. ಎಂಜಿನ್ 400 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಫಸ್ಟ್ ಗೇರ್ ಅನುಪಾತ 5.5 ಇದ್ದಾಗ ಶಾಫ್ಟಿಗೆ 2,200 ಬರುತ್ತಿದ್ದರೆ, 6.5 ಆದಾಗ 2,600 ಬರುತ್ತದೆ. ಲೋಡ್ ಗಾಡಿ ದಿಬ್ಬದಲ್ಲಿ ಹೊರಡುವಾಗ ಅಷ್ಟನ್ನೂ ಹೊರುವುದು ಆ ಕ್ರಾಸುಗಳೇ.

ಇಷ್ಟಾದ ಮೇಲೂ ನಡುಕ ಉಳಿದರೆ, ಸಮತಟ್ಟು ರಸ್ತೆಯಲ್ಲಿ ಅದೇ ವೇಗದಲ್ಲಿ ಒಮ್ಮೆ ಕ್ಲಚ್ ಒತ್ತಿ ನೋಡಿ. ನಡುಕ ಹಾಗೇ ಮುಂದುವರಿದರೆ ಬ್ಯಾಲೆನ್ಸ್ ಕಡೆ ಅನುಮಾನ ಪಡಿ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಿಮೆಯಾದರೆ ಕೋನ ತಪ್ಪಿರಬಹುದು. ಹೊಸ ಬಾಕ್ಸಿನ ಮೌಂಟಿಂಗ್ ಎತ್ತರ ಬೇರೆಯಾಗಿದ್ದರೆ ಹೀಗಾಗುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಬಾಕ್ಸ್, ಎರಡೂ ಶಾಫ್ಟ್, ಪಿನಿಯನ್ ಇವುಗಳ ಇಳಿಜಾರು ಬರೆದುಕೊಂಡು ಮೆಕ್ಯಾನಿಕ್‌ಗೆ ತೋರಿಸಿ. ಹಿಂದಿನ ಶಾಫ್ಟಿನ ಎರಡು ತುದಿಯ ಕೋನಗಳ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಹರಿದ ರಬ್ಬರಿನ ಜೊತೆ ಪಿನಿಯನ್ ಸೀಲನ್ನೂ ಈಗಲೇ ಬದಲಿಸಿ. ಸೀಲ್ ತೆಗೆಯುವ ಮೊದಲು ಪಿನಿಯನ್ ಫ್ಲೇಂಜ್ ಹಿಡಿದು ಅಲ್ಲಾಡಿಸಿ ನೋಡಿ. ಆಟ ಇದ್ದರೆ ಪಿನಿಯನ್ ಬೇರಿಂಗ್ ಕೂಡ ಏಟು ತಿಂದಿದೆ ಎಂದರ್ಥ, ಹೌಸಿಂಗ್ ಬಿಚ್ಚಿಸದೆ ಲೋಡ್ ಹಾಕಬೇಡಿ.