ದುಡ್ಡು ಬಂತು, ಮರ ಸಿಗಲಿಲ್ಲ: ಯುದ್ಧದ ನಂತರ ಅಮೆರಿಕದ ರೈತರು ಏನೇನು ಕಟ್ಟಿಸಿದರು?

ಎರಡನೇ ಮಹಾಯುದ್ಧ ಮುಗಿದ ಮೇಲಿನ ಐದಾರು ವರ್ಷ ಅಮೆರಿಕದ ಹಳ್ಳಿಗಳಲ್ಲಿ ನಡೆದ ಕಟ್ಟಡ ಕೆಲಸ, ಜಮೀನು ಸುಧಾರಣೆ ಬಗ್ಗೆ ಈ ಸಲ ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಕೊನೆಯದು ಮಲೆನಾಡಿನಿಂದ ಬಂದದ್ದು. ಅದಕ್ಕೂ ಈ ಕಥೆಗೂ ಸಂಬಂಧ ಇದೆ, ಹಾಗಾಗಿ ಜೊತೆಗೇ ಉತ್ತರಿಸುತ್ತೇನೆ.

ನಾವು ಅಯೋವಾದಲ್ಲಿ ಇದ್ದೇವೆ. ಇಲ್ಲಿನ ಹೊಲಗಳಲ್ಲಿ ದೊಡ್ಡ ಪೀಪಾಯಿಯನ್ನು ಅರ್ಧಕ್ಕೆ ಸೀಳಿ ಮಗುಚಿ ಹಾಕಿದ ಹಾಗೆ ತಗಡಿನ ಶೆಡ್‌ಗಳು ಕಾಣಿಸುತ್ತವೆ. ಮಿಲಿಟರಿಯವರು ಬಿಟ್ಟುಹೋದದ್ದು ಅಂತ ನಮ್ಮ ಮನೆಯವರು ಹೇಳುತ್ತಾರೆ. ಹೌದಾ?

ಕೆಲವು ಹೌದು, ಎಲ್ಲವೂ ಅಲ್ಲ. ಇವಕ್ಕೆ ಕ್ವಾನ್ಸೆಟ್ ಹಟ್ ಅಂತ ಹೆಸರು. ರೋಡ್ ಐಲೆಂಡ್ ರಾಜ್ಯದ ಕ್ವಾನ್ಸೆಟ್ ಪಾಯಿಂಟ್‌ನಲ್ಲಿ 1941ರಲ್ಲಿ ಅಲ್ಲಿನ ನೌಕಾಪಡೆಗಾಗಿ ಶುರುವಾದದ್ದು. ಯುದ್ಧಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ತಯಾರಾದವು ಅಂತ ಅಂದಾಜು. ಯುದ್ಧ ಮುಗಿದ ಮೇಲೆ ಮಿಕ್ಕಿದ್ದನ್ನು ಸರ್ಕಾರ ಮಾರಿತು. ಆದರೆ ಅದನ್ನು ಮಾಡುತ್ತಿದ್ದ ಗ್ರೇಟ್ ಲೇಕ್ಸ್ ಸ್ಟೀಲ್ ಕಂಪನಿ ರೈತರಿಗೆ ಅಂತಲೇ ಹೊಸದಾಗಿ ಅಗಲದ ಮಾದರಿಗಳನ್ನೂ ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ಸಲ ಅಂಥದ್ದು ಕಂಡಾಗ, ಮಾಲೀಕರನ್ನು ಕೇಳಿ ಅಗಲ ನೋಡಿ. 20 ಅಡಿ ಅಗಲ, 48 ಅಡಿ ಉದ್ದ ಇದ್ದರೆ ಸೇನೆಯದ್ದೇ ಇರುವ ಸಾಧ್ಯತೆ ಜಾಸ್ತಿ. 32 ಅಡಿ ಅಗಲ ಇದ್ದರೆ ಯುದ್ಧದ ನಂತರ ರೈತರೇ ಹೊಸದಾಗಿ ಕೊಂಡದ್ದು ಇರಬೇಕು.

ಒಳಗೆ ಹೋಗೋಕೆ ಬಿಟ್ಟರೆ ಆ ಕಮಾನಿನ ಕಬ್ಬಿಣವನ್ನು ಹತ್ತಿರದಿಂದ ನೋಡಿ. ಎರಡು ತೆಳು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬೆಸೆದಿರುತ್ತಾರೆ, ಮಧ್ಯದಲ್ಲಿ ಸಣ್ಣ ಸಂದು ಬಿಟ್ಟಿರುತ್ತಾರೆ. ಆ ಸಂದಿಗೆ ಮೊಳೆ ಹೊಡೆದರೆ ಅದು ಒಳಗೆ ಸೊಟ್ಟಗಾಗಿ ಕಚ್ಚಿಕೊಳ್ಳುತ್ತೆ. ಅಂದರೆ ಬೋಲ್ಟು, ನಟ್ಟು, ವೆಲ್ಡಿಂಗ್ ಯಾವುದೂ ಬೇಡ, ಸುತ್ತಿಗೆ ಹಿಡಿಯೋಕೆ ಬಂದರೆ ಸಾಕು, ಉಕ್ಕಿನ ಚೌಕಟ್ಟಿಗೆ ತಗಡು ಹೊಡೆದುಬಿಡಬಹುದು. ಬಡಗಿ ಸಿಗದ ಕಾಲದಲ್ಲಿ ರೈತರು ಇದಕ್ಕೆ ಮನಸೋತದ್ದು ಅದಕ್ಕೇ.

ನಾನು ಧಾರವಾಡದಲ್ಲಿ ಕೃಷಿ ಓದುತ್ತಿದ್ದೇನೆ. ಯುದ್ಧದಲ್ಲಿ ಅಮೆರಿಕದ ರೈತರಿಗೆ ಕೈತುಂಬಾ ದುಡ್ಡು ಬಂತು ಅಂತ ಓದಿದ್ದೆ. ಹಾಗಾದರೆ ಯುದ್ಧ ಮುಗಿದ ಕೂಡಲೇ ಎಲ್ಲರೂ ಕೊಟ್ಟಿಗೆ, ಮನೆ, ಗೋದಾಮು ಯಾಕೆ ಕಟ್ಟಿಸಿಕೊಳ್ಳಲಿಲ್ಲ?

ದುಡ್ಡಿತ್ತು, ಸಾಮಾನು ಇರಲಿಲ್ಲ. ಮೊದಲು ಇದನ್ನು ತಿಳಿದುಕೊಳ್ಳಿ.

1942ರ ಏಪ್ರಿಲ್‌ನಲ್ಲಿ ಯುದ್ಧ ಉತ್ಪಾದನಾ ಮಂಡಳಿ ಎಲ್-41 ಅನ್ನೋ ಆದೇಶ ಹೊರಡಿಸಿತು. ಅದರ ಪ್ರಕಾರ ಅನುಮತಿ ಇಲ್ಲದೆ ರೈತ ಒಂದು ವರ್ಷಕ್ಕೆ 1,000 ಡಾಲರ್‌ಗಿಂತ ಜಾಸ್ತಿ ಖರ್ಚಿನ ಕೃಷಿ ಕಟ್ಟಡ ಕಟ್ಟೋ ಹಾಗಿರಲಿಲ್ಲ, ಮನೆಗಾದರೆ ಮಿತಿ ಇನ್ನೂ ಕಡಿಮೆ. ಮೂರೂವರೆ ವರ್ಷ ಹೀಗೇ ನಡೀತು. ಸೋರುವ ಮಾಡು ಸೋರುತ್ತಲೇ ಇತ್ತು, ಕೊಳೆತ ಕಂಬ ಕೊಳೆತಲ್ಲೇ ನಿಂತಿತ್ತು. ಅದಕ್ಕೂ ಹಿಂದೆ, 1930ರ ದಶಕದ ಮಹಾ ಆರ್ಥಿಕ ಕುಸಿತದ ಹತ್ತು ವರ್ಷ, ಬಣ್ಣ ಬಳಿಯೋಕೂ ಕಾಸಿರಲಿಲ್ಲ ಅನ್ನೋದನ್ನು ಸೇರಿಸಿಕೊಂಡರೆ, 1945ರಲ್ಲಿ ಆ ದೇಶದ ಎಷ್ಟೋ ಫಾರಂಗಳಲ್ಲಿ ಹದಿನೈದು ವರ್ಷದ ರಿಪೇರಿ ಕೆಲಸ ಬಾಕಿ ಬಿದ್ದಿತ್ತು.

1945ರ ಅಕ್ಟೋಬರ್‌ನಲ್ಲಿ ಆ ಆದೇಶ ತೆಗೆದರು. ಎಲ್ಲರೂ ಒಟ್ಟಿಗೆ ಮರದ ಡಿಪೋಗೆ ಓಡಿದರು. ಅಷ್ಟರಲ್ಲಿ ಲಕ್ಷಗಟ್ಟಲೆ ಸೈನಿಕರು ಊರಿಗೆ ವಾಪಸ್ ಬರುತ್ತಿದ್ದರು, ಅವರಿಗೆ ಇರೋಕೆ ಮನೆ ಇಲ್ಲ. ಹಾಗಾಗಿ 1946ರ ಮಾರ್ಚ್‌ನಲ್ಲಿ ಸರ್ಕಾರ ಮತ್ತೆ ಕಡಿವಾಣ ಹಾಕಿತು: ಸಾಮಾನೆಲ್ಲ ಮೊದಲು ಮಾಜಿ ಸೈನಿಕರ ಮನೆಗೆ, ಬೇರೆ ಕಟ್ಟಡಕ್ಕೆ ಪರವಾನಗಿ ಬೇಕು. ರೈತರ ಪಾಲಿಗೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಎಷ್ಟೋ ಸಲ ಒಣಗದ ಹಸಿ ಮರ. ಅದನ್ನು ಹಾಕಿ ಕಟ್ಟಿದರೆ ಒಣಗುತ್ತಾ ಒಣಗುತ್ತಾ ಹಲಗೆ ತಿರುಚಿಕೊಳ್ಳುತ್ತೆ, ಮೊಳೆ ಸಡಿಲ ಆಗುತ್ತೆ, ಸಂದು ಬಿಡುತ್ತೆ. ಅದೇ ವರ್ಷ ಬೆಲೆ ನಿಯಂತ್ರಣವೂ ಹೋಯಿತು, ಮರದ ರೇಟು ಮೇಲಕ್ಕೆ ಹಾರಿತು.

ಆಗ ಸ್ವಂತ ಕಾಡುತುಂಡು ಇದ್ದವರು ತಮ್ಮ ಮರ ತಾವೇ ಕಡಿದು, ಊರೂರಿಗೆ ಬರುವ ಸಾಗಿಸುವ ಗರಗಸದ ಮಿಲ್ಲಿನಲ್ಲಿ ಕೊಯ್ಯಿಸಿಕೊಂಡು, ಹಲಗೆಗಳ ಮಧ್ಯೆ ಗಾಳಿ ಆಡೋ ಹಾಗೆ ಅಟ್ಟಿ ಹಾಕಿ ಒಣಗಿಸಿ ಆಮೇಲೆ ಕಟ್ಟಿದರು. ಕೆಲವರು ವಿದ್ಯುತ್ ಕಂಬ, ಟೆಲಿಫೋನ್ ಕಂಬದಂಥವನ್ನು ನೇರವಾಗಿ ನೆಲಕ್ಕೆ ಹೂತು, ಅಡಿಪಾಯವೇ ಇಲ್ಲದೆ ಮೇಲೆ ತಗಡು ಹೊದೆಸಿದರು. ಕ್ರಿಯೋಸೋಟ್ ಎಣ್ಣೆ ಕುಡಿಸಿದ ಕಂಬ ಆದರೆ ನೆಲದಲ್ಲಿ ಬೇಗ ಕೊಳೆಯೋದಿಲ್ಲ. ಈ ಕಂಬದ ಕೊಟ್ಟಿಗೆ ಅಗ್ಗವೂ ಹೌದು, ಒಳಗೆ ಟ್ರ್ಯಾಕ್ಟರ್ ತಿರುಗಿಸೋಕೆ ಜಾಗವೂ ಇರುತ್ತೆ. 1940ರಲ್ಲಿ ಆ ದೇಶದ ಫಾರಂಗಳಲ್ಲಿ ಸುಮಾರು 15 ಲಕ್ಷ ಟ್ರ್ಯಾಕ್ಟರ್ ಇದ್ದವು, 1950ಕ್ಕೆ ಅದು 34 ಲಕ್ಷದ ಹತ್ತಿರ ಹೋಯಿತು. ಕುದುರೆಗೆ ಅಂತ ಕಟ್ಟಿದ ಹಳೇ ಕೊಟ್ಟಿಗೆಯ ಗಿಡ್ಡ ಬಾಗಿಲಲ್ಲಿ ಅವು ಎಲ್ಲಿ ಹೋಗಬೇಕು, ಹೇಳಿ?

ಈಗ ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು, ಕೃಷಿ ಓದುವವರು ಗೊತ್ತು ಮಾಡಿಕೊಳ್ಳಬೇಕಾದದ್ದು. ಗೋದಾಮಿನ ವಿಷಯ. ಯುದ್ಧಕಾಲದ ಕಾನೂನಿನ ಪ್ರಕಾರ 1948ರ ಕೊನೆವರೆಗೂ ಬೆಳೆಗಳಿಗೆ ಬೆಂಬಲ ಬೆಲೆ ಇತ್ತು. ಆದರೆ ಮೆಕ್ಕೆಜೋಳಕ್ಕೆ ಆ ಬೆಲೆ ಸಿಗಬೇಕು ಅಂದರೆ ಅದನ್ನು ಸರಿಯಾದ ಕಣಜದಲ್ಲಿ ತುಂಬಿಟ್ಟಿರಬೇಕು, ಅದಕ್ಕೆ ಮುದ್ರೆ ಒತ್ತಿದ ಮೇಲೆ ಸರ್ಕಾರಿ ನಿಗಮ ಆ ಬೆಲೆಯ ಲೆಕ್ಕದಲ್ಲಿ ಸಾಲ ಕೊಡುತ್ತಿತ್ತು. 1948ರ ಜೂನ್‌ನಲ್ಲಿ, ಅಧ್ಯಕ್ಷ ಟ್ರೂಮನ್ ಅವರ ಎದುರಾಳಿ ಪಕ್ಷದ ಕೈಯಲ್ಲಿದ್ದ ಸಂಸತ್ತು, ಆ ನಿಗಮ ಹೊಸದಾಗಿ ಕಣಜಗಳನ್ನು ಹೊಂದಿಸಿಕೊಳ್ಳದ ಹಾಗೆ ಕಟ್ಟಿಹಾಕಿತು. ಆ ವರ್ಷವೇ ಬಂಪರ್ ಬೆಳೆ ಬಂತು. ಕಣಜ ಇದ್ದವನು ಬೆಂಬಲ ಬೆಲೆ ತಗೊಂಡ, ಇಲ್ಲದವನು ಬಿದ್ದ ರೇಟಿಗೆ ಮಾರಿದ. ಸಿಟ್ಟು ನವೆಂಬರ್ ಚುನಾವಣೆಯಲ್ಲಿ ಹೊರಗೆ ಬಂತು. ಸೋತೇ ಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಹ್ಯಾರಿ ಟ್ರೂಮನ್ ಅಯೋವಾ, ಒಹಾಯೋ, ವಿಸ್ಕಾನ್ಸಿನ್‌ಗಳನ್ನು ಗೆದ್ದರು, ಅದಕ್ಕೆ ಈ ಕಣಜದ ಜಗಳವೂ ಒಂದು ಕಾರಣ. ಮರುವರ್ಷ ಕಾನೂನು ತಿದ್ದಿದರು, ಹೊಲದಲ್ಲೇ ಗೋದಾಮು ಕಟ್ಟಿಕೊಳ್ಳೋಕೆ ಸರ್ಕಾರಿ ಸಾಲವೂ ಶುರುವಾಯಿತು. ಬೆಂಬಲ ಬೆಲೆ ಘೋಷಣೆ ಮಾಡಿದರೆ ಸಾಲದು, ಅದನ್ನು ಪಡೆಯೋಕೆ ಕಣಜವೂ ಬೇಕು. ಬೆಂಬಲ ಬೆಲೆ ಬಗ್ಗೆ ಪ್ರಬಂಧ ಬರೆಯುತ್ತಿದ್ದರೆ ಇಲ್ಲಿಂದ ಶುರು ಮಾಡಿ ಅಂತ ನನ್ನ ಸಲಹೆ.

ಇನ್ನೊಂದು ಮಾತು. ಮೇಲೆ ಹೇಳಿದ್ದೆಲ್ಲ ಸ್ವಂತ ಜಮೀನು ಇದ್ದವರ ಕಥೆ. ದಕ್ಷಿಣದ ಹತ್ತಿ ಸೀಮೆಯಲ್ಲಿ ಪಾಲಿಗೆ ಗೇಯುತ್ತಿದ್ದ ಕುಟುಂಬಗಳು, ಅದರಲ್ಲೂ ಕಪ್ಪು ಜನ, ಈ ಸುಧಾರಣೆಯಲ್ಲಿ ಕಂಡದ್ದು ಬಹಳ ಕಡಿಮೆ. ಯಾರದೋ ಮನೆಗೆ ಗೇಣಿದಾರ ಯಾಕೆ ದುಡ್ಡು ಹಾಕುತ್ತಾನೆ? ಮಾಜಿ ಸೈನಿಕರಿಗೆ ಅಂತ ಸರ್ಕಾರ ತಂದ ಸಾಲದ ಸೌಲಭ್ಯ ಕಾಗದದ ಮೇಲೆ ಎಲ್ಲರಿಗೂ ಇತ್ತು, ಆದರೆ ಕೊಡುವವರು ಸ್ಥಳೀಯ ಬ್ಯಾಂಕಿನವರು, ಅವರು ಕಪ್ಪು ಸೈನಿಕರನ್ನು ಬಾಗಿಲಿಂದಲೇ ಕಳಿಸುತ್ತಿದ್ದರು. ಟ್ರ್ಯಾಕ್ಟರ್, ಹತ್ತಿ ಬಿಡಿಸೋ ಯಂತ್ರ ಬಂದ ಮೇಲೆ ಅವರ ಗುಡಿಸಲುಗಳನ್ನೇ ಕೆಡವಿ ಉತ್ತರು. ಇದನ್ನು ಬಿಟ್ಟು ಬರೀ ಏಳಿಗೆಯ ಕಥೆ ಹೇಳಿದರೆ ಅನ್ಯಾಯ ಆಗುತ್ತೆ.

ಹಳ್ಳಿಗೆ ಕರೆಂಟ್ ಬಂದ ಮೇಲೆ ಅಲ್ಲಿನ ಹೆಂಗಸರ ಕೆಲಸ ಕಡಿಮೆ ಆಯಿತಾ? ಅಥವಾ ಅದೂ ಮೊದಲು ಕೊಟ್ಟಿಗೆಗೇ ಹೋಯಿತಾ? (ಮೈಸೂರಿನ ಓದುಗರು)

ಒಳ್ಳೇ ಪ್ರಶ್ನೆ ಮೇಡಂ, ಇದನ್ನು ಬಹಳ ಜನ ಕೇಳೋದೇ ಇಲ್ಲ.

1935ರಲ್ಲಿ ಅಮೆರಿಕದ ಹತ್ತು ಫಾರಂಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಒಂದು ಮೈಲಿಗೆ ಮೂರು ನಾಲ್ಕು ಮನೆ ಇರುವ ಕಡೆ ಲೈನ್ ಎಳೆದರೆ ಲಾಭ ಇಲ್ಲ ಅಂತ ಕಂಪನಿಗಳು ಹೋಗಲಿಲ್ಲ. ಆ ವರ್ಷ ಗ್ರಾಮೀಣ ವಿದ್ಯುದೀಕರಣ ಇಲಾಖೆ ಶುರುವಾಯಿತು. ರೈತರೇ ತಲಾ 5 ಡಾಲರ್ ಹಾಕಿ ಸಹಕಾರ ಸಂಘ ಮಾಡಿಕೊಂಡರು, ಸರ್ಕಾರ ಸಾಲ ಕೊಟ್ಟಿತು. ಗಟ್ಟಿ ತಂತಿ ಬಳಸಿ ಕಂಬಗಳನ್ನು ದೂರ ದೂರ ನೆಟ್ಟು ಮೈಲಿಯ ಖರ್ಚನ್ನು ಅರ್ಧದಷ್ಟು ಇಳಿಸಿದರು. ಯುದ್ಧದಲ್ಲಿ ತಾಮ್ರ ಇಲ್ಲದೆ ಕೆಲಸ ಹೆಚ್ಚುಕಡಿಮೆ ನಿಂತಿತು. ಆಗ ಹೊಸ ಸಂಪರ್ಕ ಬೇಕು ಅಂದರೆ ಮನೆಯಲ್ಲಿ ಎಷ್ಟು ದನ, ಕೋಳಿ ಇವೆ ಅಂತ ಲೆಕ್ಕ ಕೊಡಬೇಕಿತ್ತು, ಎಷ್ಟು ಜನ ಇದ್ದಾರೆ ಅನ್ನೋದು ಲೆಕ್ಕಕ್ಕೆ ಬರುತ್ತಿರಲಿಲ್ಲ. ನಿಮ್ಮ ಅನುಮಾನಕ್ಕೆ ಅಲ್ಲೇ ಒಂದು ಉತ್ತರ ಇದೆ ನೋಡಿ. 1944ರಲ್ಲಿ ಸಾಲದ ಬಡ್ಡಿಯನ್ನು ಶೇ. 2ಕ್ಕೆ ನಿಗದಿ ಮಾಡಿ, ತೀರಿಸೋಕೆ 35 ವರ್ಷ ಕೊಟ್ಟರು. ಯುದ್ಧದ ನಂತರ ಕೆಲಸ ಜೋರಾಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಹತ್ತಕ್ಕೆ ಒಂಬತ್ತು ಫಾರಂಗಳಿಗೆ ಕರೆಂಟ್ ತಲುಪಿತ್ತು.

ಲೈನ್ ಬಂದ ಮನೆಯವರು ಬಲ್ಬು ಹಾಕಿಸಿದ ಮೇಲೆ ಮೊದಲು ಕೊಂಡದ್ದು ಸಾಮಾನ್ಯವಾಗಿ ಎರಡು ವಸ್ತು: ರೇಡಿಯೋ ಮತ್ತು ಇಸ್ತ್ರಿಪೆಟ್ಟಿಗೆ. ಇಸ್ತ್ರಿಪೆಟ್ಟಿಗೆ ಯಾಕೆ ಅಂದರೆ, ಅಲ್ಲಿವರೆಗೆ ಆರೇಳು ಪೌಂಡ್ ತೂಕದ ಗಟ್ಟಿ ಕಬ್ಬಿಣದ ತುಂಡುಗಳನ್ನು ಸೌದೆ ಒಲೆ ಮೇಲೆ ಕಾಯಿಸಬೇಕಿತ್ತು. ಒಂದು ತಣ್ಣಗಾಗುವಷ್ಟರಲ್ಲಿ ಇನ್ನೊಂದು ಕಾದಿರಬೇಕು, ಮಸಿ ಒರೆಸಿ ಬಟ್ಟೆ ಮೇಲೆ ಇಡಬೇಕು, ಬೇಸಿಗೆಯಲ್ಲೂ ಇಡೀ ದಿನ ಒಲೆ ಉರಿಯುತ್ತಲೇ ಇರಬೇಕು. ಹಾಗಾಗಿ ಹೌದು, ಕೆಲಸ ಕಡಿಮೆ ಆಯಿತು. ಆದರೆ ನೀರಿನ ವಿಷಯದಲ್ಲಿ ಹಾಗಾಗಲಿಲ್ಲ. ಪಂಪು, ಪೈಪು, ಕೊಳವೆ ಕೆಲಸ, ಚರಂಡಿ ಗುಂಡಿ ಎಲ್ಲ ಸೇರಿ ದುಬಾರಿ. 1950ರ ಜನಗಣತಿ ಹೊತ್ತಿಗೂ ಅರ್ಧಕ್ಕಿಂತ ಜಾಸ್ತಿ ಫಾರಂ ಮನೆಗಳ ಒಳಗೆ ನಲ್ಲಿ ಇರಲಿಲ್ಲ.

ಹಾಲಿನ ಸೀಮೆಯಲ್ಲಂತೂ ನೀರು ಮೊದಲು ದನಕ್ಕೆ ಹೋಗೋದು ಸಾಮಾನ್ಯವಾಗಿತ್ತು. ಮೊದಲ ದರ್ಜೆಯ ಹಾಲು ಅಂತ ಜಾಸ್ತಿ ಬೆಲೆ ಬೇಕಾದರೆ ಕೊಟ್ಟಿಗೆಯಿಂದ ಬೇರೆಯಾಗಿ ಹಾಲಿನ ಕೋಣೆ ಇರಬೇಕು, ಸಿಮೆಂಟ್ ನೆಲ, ತೊಳೆಯಬಹುದಾದ ಗೋಡೆ, ಹಾಲು ತಣ್ಣಗಿಡೋ ವ್ಯವಸ್ಥೆ, ಬಿಸಿನೀರು ಎಲ್ಲ ಬೇಕು. ಹಾಲಿನ ಚೆಕ್ಕಿನಿಂದ ಆ ಖರ್ಚು ವಾಪಸ್ ಬರುತ್ತೆ, ಅಡುಗೆಮನೆ ನಲ್ಲಿಯಿಂದ ಬರೋದಿಲ್ಲ ಅನ್ನೋದು ಮನೆ ಗಂಡಸರ ಲೆಕ್ಕ. ಅದು ಅರ್ಧ ಲೆಕ್ಕ. ನೀರು ಹೊರುವ ಗಂಟೆಗಳಿಗೂ ಬೆಲೆ ಇದೆ, ಅದೇ ಹೆಂಗಸರು ಕೋಳಿ, ಮೊಟ್ಟೆ ಸಾಕಿ ಮನೆಯ ದಿನಸಿ ಖರ್ಚು ತೂಗಿಸುತ್ತಿದ್ದರು. ಒಂದೇ ಪಂಪಿನಿಂದ ಕೊಟ್ಟಿಗೆಗೆ ಹೋಗೋ ಪೈಪಿಗೆ ಒಂದು ಕವಲು ಕೊಟ್ಟು ಅಡುಗೆಮನೆಗೂ ಎಳೆದ ಮನೆಗಳು ಅದೇ ಖರ್ಚಿನಲ್ಲಿ ಎರಡೂ ಕೆಲಸ ಮಾಡಿಕೊಂಡವು.

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದೆ. ಈ ಸಲ ರೇಟು ಚೆನ್ನಾಗಿ ಸಿಕ್ಕಿದೆ. ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸೋಣ ಅಂತ ಮಗ ಹೇಳುತ್ತಾನೆ. ಸಾಲವೂ ಇದೆ. ಯುದ್ಧದ ನಂತರ ಆ ರೈತರು ಏನು ಮಾಡಿದರು ಅಂತ ಹೇಳಿದರೆ ಉಪಕಾರ ಆಗುತ್ತೆ.

ಬಹಳ ಜನ ಮೊದಲು ಸಾಲ ತೀರಿಸಿದರು. 1940ರಲ್ಲಿ ಅಮೆರಿಕದ ಜಮೀನು ಅಡಮಾನದ ಸಾಲ ಒಟ್ಟು ಸುಮಾರು 660 ಕೋಟಿ ಡಾಲರ್ ಇತ್ತು, 1946ರ ಆರಂಭಕ್ಕೆ 480 ಕೋಟಿಯ ಆಸುಪಾಸಿಗೆ ಇಳಿದಿತ್ತು. ದುಡ್ಡು ಕೈಗೆ ಬರುತ್ತಿದ್ದ ಕಾಲದಲ್ಲೇ ಸಾಲ ಇಳಿಸಿದ್ದು ಸಣ್ಣ ಮಾತಲ್ಲ. ಅವರಿಗೆ 1920 ನೆನಪಿತ್ತು. ಮೊದಲ ಮಹಾಯುದ್ಧದ ನಂತರ ರೇಟು ಹೀಗೇ ಇರುತ್ತೆ ಅಂತ ಸಾಲ ಮಾಡಿ ಜಮೀನು ಕೊಂಡರು, ದೊಡ್ಡ ಮನೆ ಕಟ್ಟಿದರು. ಅಯೋವಾದಲ್ಲಿ ಎಕರೆಗೆ 250 ಡಾಲರ್ ಮುಟ್ಟಿದ್ದ ಜಮೀನು 1933ಕ್ಕೆ 70 ಡಾಲರ್ ಹತ್ತಿರ ಬಂತು. ಸಾಲ ಮಾತ್ರ ಇದ್ದಷ್ಟೇ ಇತ್ತು, ಎಷ್ಟೋ ಜನರ ಜಮೀನು ಹರಾಜಾಯಿತು.

ಅದಕ್ಕೇ ಎರಡನೇ ಯುದ್ಧದ ದುಡ್ಡು ಬಂದಾಗ ಮೊದಲು ಸಾಲ ತೀರಿಸಿದರು, 1945ರ ನಂತರ ಟ್ರ್ಯಾಕ್ಟರ್, ಕಣಜ, ಪಂಪು, ಇಳಿಜಾರಿಗೆ ಅಡ್ಡ ಬದು ಅಂತ ಬೆಳೆಗೆ ಬರುವ ಕೆಲಸ ಮಾಡಿದರು. ಮನೆ ವಿಷಯ ಬಂದಾಗ ಪೂರ್ತಿ ಕೆಡವಿದವರಿಗಿಂತ ಹಳೇ ಮನೆಗೇ ಬಚ್ಚಲು, ನಲ್ಲಿ, ಒಳ್ಳೇ ಮಾಡು ಸೇರಿಸಿಕೊಂಡವರು ಜಾಸ್ತಿ.

ನಿಮ್ಮ ಲೆಕ್ಕಕ್ಕೆ ಬಂದರೆ, ಎಲ್ಲ ಸಾಲವೂ ಒಂದೇ ಅಲ್ಲ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿ ಹೊಸದು ಮಾಡಿಸುತ್ತಾ ಹೋಗಿ, ಅದನ್ನು ತೀರಿಸಿಯೇ ಬಿಡಬೇಕು ಅನ್ನೋ ಅವಸರ ಬೇಡ. ಕೈಸಾಲ, ಚಿನ್ನದ ಸಾಲ ಇದ್ದರೆ ಇವತ್ತೇ ತೀರಿಸಿ. ಆಮೇಲೆ ಅಡಿಕೆ ಒಣಗಿಸೋ ಜಾಗ ನೋಡಿ. ಕೊಯ್ಲಿನ ಹೊತ್ತಲ್ಲಿ ಅಕಾಲ ಮಳೆ ಬರೋದು ಈಗ ಮಾಮೂಲಾಗಿದೆ, ಮೇಲೆ ಪಾರದರ್ಶಕ ಶೀಟು ಹಾಕಿದ ಒಣಗು ಮನೆ ಅಥವಾ ಡ್ರೈಯರ್ ಇಲ್ಲದಿದ್ದರೆ ಬೂಷ್ಟು ಹಿಡಿದು ರೇಟು ಹೋಗುತ್ತೆ. ಒಂದೆರಡು ವರ್ಷ ಇಟ್ಟು ಮಾರುವಂಥ ಶೀತ ತಾಗದ ಕೋಣೆ ಇದ್ದರೆ ವ್ಯಾಪಾರಿ ಕೇಳಿದ ದಿನವೇ ಕೊಡಬೇಕಾಗಿಲ್ಲ. ಎಲೆಚುಕ್ಕಿ ರೋಗ ನಿಮ್ಮ ಕಡೆ ಎಷ್ಟು ಹಾಳು ಮಾಡಿದೆ ಅಂತ ನಿಮಗೇ ಗೊತ್ತು, ಹಾಗಾಗಿ ಒಂದು ವರ್ಷದ ತೋಟದ ಖರ್ಚನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಡಿ.

ಇಷ್ಟಾದ ಮೇಲೂ ಉಳಿದರೆ ಮನೆ ಕಟ್ಟಿಸಿ, ಬೇಡ ಅನ್ನೋದಿಲ್ಲ. ಮಗನಿಗೆ ಊರಲ್ಲೇ ಇರಬೇಕು ಅನ್ನೋ ಮನಸ್ಸಿದ್ದರೆ ಅವನಿಗೆ ಒಳ್ಳೇ ಮನೆ ಬೇಕೇ ಬೇಕು. ಆದರೆ ಹೆಂಚು, ತೊಲೆ ಗಟ್ಟಿ ಇದ್ದರೆ ಕೆಡವೋ ಮೊದಲು ಬಡಗಿಯನ್ನು ಒಂದು ಸಲ ಅಟ್ಟಕ್ಕೆ ಹತ್ತಿಸಿ ನೋಡಿಸಿ. ಎಷ್ಟೋ ಸಲ ಒರಲೆ ತಿಂದ ನಾಲ್ಕು ಪಕಾಸಿ ಬದಲಾಯಿಸಿ, ಹಿಂದೆ ಎರಡು ಕೋಣೆ, ಒಳಗೇ ಬಚ್ಚಲು ಸೇರಿಸಿದರೆ ಕೆಲಸ ಆಗುತ್ತೆ, ಹೊಸ ಮನೆಯ ಕಾಲು ಭಾಗ ಖರ್ಚೂ ಬರೋದಿಲ್ಲ. ಬಡಗಿ ಏನಂದ ಅಂತ ಬರೆಯಿರಿ, ಒಣಗು ಮನೆಯ ಅಳತೆಯನ್ನು ನಿಮ್ಮ ಕೊಯ್ಲಿನ ಲೆಕ್ಕ ನೋಡಿ ಹೇಳುತ್ತೇನೆ.