ಆರಂಭಶೂರನಿಗೆ ಎಂಥ ಕೆಲಸ?

ನಾನು ಸಲಹೆಗಾರ್ತಿ. ನನ್ನಲ್ಲಿಗೆ ಮೊದಲ ಭೇಟಿಗೆ ಅವರು ನಲವತ್ತು ನಿಮಿಷ ತಡವಾಗಿ ಬಂದರು. ಕೂತ ಕೂಡಲೇ ಕಣ್ಣು ಗೋಡೆ ಗಡಿಯಾರದ ಮೇಲೆ ಹೋಯಿತು. "ಮೇಡಂ, ಇದು ನಿಂತಿದೆ ಅಲ್ವಾ?" ಅಂದರು. ನಿಂತು ಒಂದು ತಿಂಗಳಾಗಿತ್ತು. ಅಷ್ಟರಲ್ಲಿ ಮೊಬೈಲು ಬೈಕಿನ ಟ್ಯಾಂಕ್ ಕವರಿನಲ್ಲೇ ಉಳಿದದ್ದು ನೆನಪಾಗಿ ಕೆಳಗೆ ಓಡಿದರು. ಐದು ನಿಮಿಷಕ್ಕೆ ವಾಪಸ್ ಬಂದು, ಕೆಳಗಿನ ಅಂಗಡಿಯಲ್ಲಿ ಕೊಂಡ ಪೆನ್ಸಿಲ್ ಸೆಲ್ಲನ್ನು ಗಡಿಯಾರಕ್ಕೆ ಹಾಕಿ, ಟೈಮು ಸರಿ ಮಾಡಿ, ಗೋಡೆಗೆ ತೂಗುಹಾಕಿ ಕೂತರು. ಮೊಬೈಲು ಮಾತ್ರ ತಂದಿರಲಿಲ್ಲ.

ಮಂಜುನಾಥ ಅಂತ ಕರೆಯೋಣ. ಹೆಸರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಾಯಿಸಿದ್ದೇನೆ. ಊರು ದಾವಣಗೆರೆಯೇ, ಅದನ್ನು ಬದಲಿಸಿದರೆ ಮುಂದೆ ಬರುವ ದೋಸೆಯ ಕಥೆಗೆ ಅರ್ಥವಿರದು. ವಯಸ್ಸು 37, ಓದಿದ್ದು ಬಿ.ಕಾಂ. ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ. ಹದಿನಾಲ್ಕು ವರ್ಷದಲ್ಲಿ ಅದು ಏಳನೆಯದು. ಅದೂ ಕೈಬಿಡುವ ಹಂತದಲ್ಲಿತ್ತು. "ಮಾರ್ಚ್ ಮುಗಿಯಲಿ, ಆಮೇಲೆ ಬೇರೆ ಕಡೆ ನೋಡ್ಕೊಳಪ್ಪ" ಅಂದಿದ್ದರಂತೆ ಯಜಮಾನರು.

ಆದದ್ದಿಷ್ಟು. ಆಫೀಸಿನ ಗ್ರಾಹಕರಾದ ಮೂರು ಪಾರ್ಟಿಗಳ ಜಿಎಸ್‌ಟಿ 3ಬಿ ರಿಟರ್ನು, ಅಂದರೆ ತಿಂಗಳ ತೆರಿಗೆ ಲೆಕ್ಕ, ಎರಡು ತಿಂಗಳಿಂದ ಹೋಗಿರಲಿಲ್ಲ. ತಿಂಗಳ 20ರೊಳಗೆ ಹಾಕಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ವಿಚಿತ್ರ ಏನೆಂದರೆ ಲೆಕ್ಕವೆಲ್ಲ ಮುಗಿದಿತ್ತು. ಬಿಲ್ಲು ತಾಳೆ ನೋಡಿದ್ದರು, ತೆರಿಗೆ ಅಂಕಿ ತುಂಬಿದ್ದರು. ಪಾರ್ಟಿಗೆ ಫೋನ್ ಮಾಡಿ ಒಟಿಪಿ ಕೇಳಿ ಫೈಲ್ ಮಾಡುವುದೊಂದೇ ಬಾಕಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಎರಡು ತಿಂಗಳಾಯಿತು.

"ಮನೇಲಿ ಆರಂಭಶೂರ ಅಂತಾರೆ ಮೇಡಂ. ತಪ್ಪೇನಿಲ್ಲ ಬಿಡಿ, ನಿಜಾನೇ," ಅಂದು ನಕ್ಕರು. ಆ ನಗು ಬಹಳ ವರ್ಷದ ಅಭ್ಯಾಸ ಅಂತ ಗೊತ್ತಾಗುತ್ತಿತ್ತು.

ಕೇಳಿಕೊಂಡು ಬಂದದ್ದು ಒಂದೇ ಪ್ರಶ್ನೆ: ನನಗೆ ಹೊಂದುವ ಕೆಲಸ ಯಾವುದು? ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅನ್ನುವ ಪದವನ್ನು ಅವರೇ ತಂದರು. ಎರಡನೇ ಕ್ಲಾಸಿನ ಮಗಳಿಗೆ ಅದಿದೆ ಅಂತ ವೈದ್ಯರು ಹೇಳಿದ್ದರು. ಮಗಳ ಬಗ್ಗೆ ಕೊಟ್ಟ ಪ್ರಶ್ನಾವಳಿ ತುಂಬುತ್ತಾ ಕೂತಾಗ, ಪಕ್ಕದಲ್ಲಿದ್ದ ಹೆಂಡತಿ "ಇದರಲ್ಲಿ ಇರೋದೆಲ್ಲ ನೀವೇ ಅಲ್ರೀ" ಅಂದರಂತೆ. ದೊಡ್ಡವರು ಈ ಬಾಗಿಲಿಂದ ಬರುವುದು ನಮಗೆ ಹೊಸದಲ್ಲ. ವಂಶವಾಹಿಯ ಪಾಲು ಬಹಳ ಹೆಚ್ಚಿರುವ ಸಮಸ್ಯೆ ಇದು.

ರೋಗನಿರ್ಣಯ ನನ್ನ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಒಂದು ಪಟ್ಟಿ ಇದೆ, ಅದನ್ನು ಕೇಳಿದೆ. ಅದು ಸೋಸುವ ಜರಡಿ ಅಷ್ಟೇ. ನಂತರ ಮನೋವೈದ್ಯರಿಗೆ ಬರೆದುಕೊಟ್ಟೆ. ಅವರು ಥೈರಾಯ್ಡ್, ನಿದ್ದೆ, ರಕ್ತದೊತ್ತಡ, ಕುಡಿತ, ಖಿನ್ನತೆ ಎಲ್ಲ ವಿಚಾರಿಸಿದರು. ನಿದ್ದೆಗೆಟ್ಟವರಿಗೂ ಮಂಕು ಹಿಡಿದವರಿಗೂ ಗಮನ ನಿಲ್ಲುವುದಿಲ್ಲ, ಹಾಗಾಗಿ ಆ ವಿಚಾರಣೆ ಬೇಕೇ ಬೇಕು. ಇನ್ನೊಂದು ಷರತ್ತೂ ಇದೆ: ಲಕ್ಷಣಗಳು 12 ವರ್ಷಕ್ಕಿಂತ ಮೊದಲೇ ಇದ್ದಿರಬೇಕು. ತಾಯಿಗೆ ಫೋನ್ ಮಾಡಿಸಿದೆವು. "ಒಂದೇ ವರ್ಷ ಮೂರು ಊಟದ ಡಬ್ಬಿ ಕಳೆದಿದ್ದ. ಮೇಷ್ಟ್ರು, ಮನಸ್ಸು ಮಾಡಿದ್ರೆ ಫಸ್ಟ್ ಬರ್ತಾನಮ್ಮ, ಮನಸ್ಸೇ ಮಾಡಲ್ಲ ಅಂತಿದ್ರು" ಅಂದರು ಆ ತಾಯಿ. ಮನಸ್ಸು ಮಾಡುವ ಯಂತ್ರದಲ್ಲೇ ತೊಂದರೆ ಇರಬಹುದು ಅಂತ ಆ ಕಾಲದ ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಅದೇ ತೊಂದರೆ ಅಂತ ಖಚಿತವಾದ ಮೇಲೆ ವೈದ್ಯರು ಗಮನ ನಿಲ್ಲಲು ನೆರವಾಗುವ ಮೀಥೈಲ್‌ಫೆನಿಡೇಟ್ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಚೀಟಿ ಇಲ್ಲದೆ ಸಿಗುವ ಮಾತ್ರೆಯಲ್ಲ. ಹಸಿವು ಕಡಿಮೆಯಾಗಬಹುದು, ಸಂಜೆ ತೆಗೆದುಕೊಂಡರೆ ನಿದ್ದೆ ಹಾರಿಹೋಗಬಹುದು, ರಕ್ತದೊತ್ತಡ ನೋಡಿಸುತ್ತಿರಬೇಕು. ಎರಡು ವಾರ ಬಿಟ್ಟು ಬಂದ ಮಂಜುನಾಥ ಅಂದದ್ದು: "ಮಾತ್ರೆ ಕೆಲಸ ಮಾಡ್ತು ಮೇಡಂ. ತಗೊಂಡು ಎರಡು ತಾಸು ಇನ್ವರ್ಟರ್ ರಿಪೇರಿ ವಿಡಿಯೊ ನೋಡಿದೆ. ಭಾಳ ಗಮನ ಇಟ್ಟು ನೋಡಿದೆ." ಆಫೀಸಿನ ಫೈಲು ಅಲ್ಲೇ ಇತ್ತು. ತಮಾಷೆಗೆ ಹೇಳಿದ್ದಾದರೂ, ಮುಂದಿನ ನಾಲ್ಕು ತಿಂಗಳು ನಾವಿಬ್ಬರೂ ಕೂತು ಮಾಡಿದ ಕೆಲಸವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ನನ್ನ ಮೊದಲ ಸಲಹೆ ನೆಲಕಚ್ಚಿತು. ದಿನದ ವೇಳಾಪಟ್ಟಿಯ ಒಂದು ಹಾಳೆ ಕೊಟ್ಟು, ಗಂಟೆಗಂಟೆಗೆ ತುಂಬಿ ಅಂದೆ. ಅವರು ರಾತ್ರಿ ಒಂದರವರೆಗೆ ಕೂತು ಅದನ್ನು ಎಕ್ಸೆಲ್‌ಗೆ ಹಾಕಿ, ಬಣ್ಣ ಕೊಟ್ಟು, ತಾನೇ ಕೂಡುವ ಸೂತ್ರ ಬರೆದು ತಂದು ತೋರಿಸಿದರು. ನಾನು ಇಷ್ಟು ಚೆಂದದ ವೇಳಾಪಟ್ಟಿ ನೋಡಿಲ್ಲ. ಒಂದು ದಿನವೂ ಬಳಸಲಿಲ್ಲ.

ಅಷ್ಟರಲ್ಲಿ ಅವರೇ ಉತ್ತರ ಕಂಡುಕೊಂಡು ಬಂದರು: ಬೆಂಗಳೂರಿನಲ್ಲಿ ದಾವಣಗೆರೆ ಬೆಣ್ಣೆದೋಸೆ ಹೋಟೆಲು. ಹೆಂಡತಿಯ ಬಂಗಾರ ಅಡ ಇಟ್ಟು, ಸೊಸೈಟಿಯಲ್ಲಿ ಸಾಲ ಎತ್ತಿ, ನಾಲ್ಕು ಲಕ್ಷದಲ್ಲಿ ಶುರು. ಎಡಿಎಚ್‌ಡಿ ಇರುವವರಿಗೆ ಸ್ವಂತ ಉದ್ಯೋಗವೇ ಒಳ್ಳೆಯದು, ಅಡುಗೆಯವರು, ಆಂಬುಲೆನ್ಸಿನವರು, ಪತ್ರಕರ್ತರು ಆದರೆ ಚೆನ್ನಾಗಿ ಹೊಂದುತ್ತದೆ ಅನ್ನುವ ಒಂದು ಪಟ್ಟಿಯನ್ನು ಎಲ್ಲೋ ಓದಿದ್ದರು. ಈ ಪಟ್ಟಿಗಳ ಮೇಲೆ ನನಗೆ ಸಿಟ್ಟಿದೆ. ಅಡುಗೆಮನೆಯ ಗಡಿಬಿಡಿ ಹಿಡಿಸುವುದು ಬೇರೆ, ಹೋಟೆಲು ನಡೆಸುವುದು ಬೇರೆ.

ಬೇಡ ಅನ್ನಲಿಲ್ಲ. ಈ ಸ್ವಭಾವದವರಿಗೆ ಬೇಡ ಅಂದರೆ ಅದೇ ರಾತ್ರಿ ಅಡ್ವಾನ್ಸ್ ಕೊಟ್ಟು ಬಂದುಬಿಡುತ್ತಾರೆ. ಎರಡೇ ಮಾತು ಕೇಳಿದೆ: ಮಾರ್ಚ್ ಮುಗಿಯುವವರೆಗೆ ಬಂಗಾರ ಬೀರುವಿನಲ್ಲೇ ಇರಲಿ. ಅಷ್ಟರೊಳಗೆ ಒಂದು ವಾರ, ಪರಿಚಯದವರ ಹೋಟೆಲಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ ನಿಲ್ಲಿ. ಎರಡು ದಿನ ಹೋದರು. ಏಳರಿಂದ ಹತ್ತರ ರಶ್ಶಿನಲ್ಲಿ ನಾಲ್ಕು ಕಾವಲಿ ಒಟ್ಟಿಗೆ ನೋಡಿಕೊಳ್ಳುವುದು ಅವರಿಗೆ ಹಬ್ಬವಾಗಿತ್ತು. ಮೂರನೇ ದಿನ ಬಿಟ್ಟದ್ದೇಕೆ ಅಂತ ಕೇಳಿದೆ. "ಹಿಂದಿನ ದಿನವೇ ಅಕ್ಕಿ-ಉದ್ದು ನೆನೆಹಾಕಬೇಕು ಮೇಡಂ, ಮಂಡಕ್ಕಿ ತರಿಸಿರಬೇಕು, ಸಂಜೆ ರುಬ್ಬಬೇಕು. ಒಂದು ದಿನ ಮರೆತ್ರೆ ಮರುದಿನ ಹೋಟ್ಲೇ ಇಲ್ಲ." ತಾವೇ ಹೇಳಿ ತಾವೇ ಸುಮ್ಮನಾದರು.

ಅವತ್ತು ಏಳು ಕೆಲಸಗಳನ್ನೂ ಬಿಳಿ ಹಲಗೆಯ ಮೇಲೆ ಬರೆದೆವು. ಬಿಟ್ಟದ್ದೇಕೆ ಅಂತ ಬರೆಯಲಿಲ್ಲ, ಆ ಉತ್ತರಗಳು ಅವರಿಗೆ ಬಾಯಿಪಾಠವಾಗಿದ್ದವು: ಬೋರಾಯಿತು, ಮ್ಯಾನೇಜರ್ ಸರಿಯಿಲ್ಲ, ಸಂಬಳ ಕಡಿಮೆ. ನಾನು ಕೇಳಿದ್ದು ಎರಡು. ಆ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗದ ದಿನ ಯಾವುದು? ಬಿಡುವ ದಿನ ಮೇಜಿನ ಮೇಲೆ, ಬ್ಯಾಗಿನಲ್ಲಿ ಏನೇನು ಬಾಕಿ ಉಳಿದಿತ್ತು?

ಮೆಡಿಕಲ್ ರೆಪ್ ಆಗಿದ್ದಾಗ ಡಾಕ್ಟರುಗಳ ಭೇಟಿ ಒಂದೂ ತಪ್ಪಿರಲಿಲ್ಲ, ಬಾಕಿ ಉಳಿದದ್ದು ದಿನದ ರಿಪೋರ್ಟು. ಬೀಜದ ಕಂಪನಿಯಲ್ಲಿ ಹೊಲ ಹೊಲ ತಿರುಗಿದ್ದರು, ರೈತರಿಗೆ ಅವರೆಂದರೆ ಪ್ರೀತಿ, ಉಳಿದದ್ದು ಖರ್ಚಿನ ಬಿಲ್ಲು. ಮೊಬೈಲ್ ಅಂಗಡಿಯಲ್ಲಿ ಸ್ಟಾಕ್ ಪುಸ್ತಕ. ವಿಮೆಯಲ್ಲಿ ರಿನ್ಯೂವಲ್ ಫೋನುಗಳು. ಮೂರು ಆಡಿಟರ್ ಆಫೀಸುಗಳಲ್ಲೂ ಫೈಲ್ ಮಾಡುವ ಆ ಕೊನೆಯ ಹತ್ತು ನಿಮಿಷ. ಹಲಗೆ ತುಂಬಿದ ಮೇಲೆ ಮಂಜುನಾಥ ಎದ್ದು ನಿಂತು ನೋಡಿದರು. "ಕೆಲಸ ಎಲ್ಲೂ ಕೆಟ್ಟಿಲ್ಲ ಮೇಡಂ. ಬಾಲ ಕೆಟ್ಟಿದೆ."

ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ. ಬಾಲ ಅನ್ನುವ ಮಾತು ಅಲ್ಲಿಂದ ನಮ್ಮಿಬ್ಬರ ನಡುವೆ ಪಾರಿಭಾಷಿಕ ಪದವಾಗಿಬಿಟ್ಟಿತು. ಯಾವ ಕೆಲಸ ಹೊಂದುತ್ತದೆ ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಯಾವ ಕೆಲಸ ಬಂದರೂ ಮೂರು ಸಂಗತಿ ವಿಚಾರಿಸಿ ಅಂದೆ: ಅದರ ಬಾಲ ಎಷ್ಟುದ್ದ? ಆ ಬಾಲ ಯಾರ ಕೈಯಲ್ಲಿರುತ್ತದೆ? ಮಾಡಿದ ಕೆಲಸದ ಫಲ ಕಣ್ಣಿಗೆ ಕಾಣುವುದು ಅದೇ ದಿನವೋ, ಮೂರು ತಿಂಗಳು ಬಿಟ್ಟೋ? ಆಸಕ್ತಿ ಇದೆಯೇ ಅಂತ ಕೇಳಲೇ ಇಲ್ಲ. ಅವರಿಗೆ ಹೊಸದೆಲ್ಲದರ ಮೇಲೂ ಆಸಕ್ತಿ, ಮೂರು ತಿಂಗಳ ಮಟ್ಟಿಗೆ.

ಸೋಲಾರ್ ಕೆಲಸ ಸಿಕ್ಕಿದ್ದು ಆ ಇನ್ವರ್ಟರ್ ವಿಡಿಯೊ ಹುಚ್ಚಿನಿಂದಲೇ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ತಾರಸಿ ಮೇಲೆ 3 ಕಿಲೋವಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಪ್ಯಾನೆಲ್ ಕೂರಿಸುವ ಸಣ್ಣ ಸಂಸ್ಥೆಗಳಿಗೆ ಜನ ಬೇಕಾಗಿದ್ದರು. ಮಂಜುನಾಥರ ಗೆಳೆಯನೊಬ್ಬ ಅಂಥ ಕಡೆ ಇದ್ದ. ಐದು ಭಾನುವಾರ ಅವನ ಹಿಂದೆ ಹೋಗಿ, ದುಡ್ಡು ಕೇಳಬೇಡಿ, ರಾಜೀನಾಮೆಯನ್ನೂ ಕೊಡಬೇಡಿ ಅಂದೆ. ಪ್ರತಿ ಸಂಜೆ ನನಗೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಬೇಕು. ಬರೆಯುವುದು ಅವರಿಗೆ ಆಗದು, ಮಾತು ಧಾರಾಳ. ನನಗೇಕೆ ಇದು ಮೊದಲೇ ಹೊಳೆಯಲಿಲ್ಲವೋ.

ಮೂರನೇ ಭಾನುವಾರದ ಸಂದೇಶ ಹನ್ನೊಂದು ನಿಮಿಷ ಇತ್ತು. ಬಿಸಿಲಲ್ಲಿ ತಾರಸಿ ಹತ್ತಿ, ಟೇಪು ಹಿಡಿದು ಅಳೆದು, ನೀರಿನ ಟ್ಯಾಂಕಿನ ನೆರಳು ಸಂಜೆ ನಾಲ್ಕಕ್ಕೆ ಎಲ್ಲಿ ಬೀಳುತ್ತದೆ ಅಂತ ಸುಣ್ಣದ ಗೆರೆ ಎಳೆದಿದ್ದರು. ಕಿಲೋವಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಬೇಕು. ಪಕ್ಕದ ಮನೆಯವರು ಮೇಲೊಂದು ಮಹಡಿ ಎಬ್ಬಿಸುತ್ತಾರೋ ಅಂತ ಆ ಮನೆಯ ಅಜ್ಜಿಯನ್ನು ಮಾತಾಡಿಸಿ ತಿಳಿದುಕೊಂಡಿದ್ದರು. ಗೆಳೆಯನಿಗೆ ಅದು ಹೊಳೆದೇ ಇರಲಿಲ್ಲ. ಒಂದೊಂದು ಮನೆಯೂ ಹೊಸ ಲೆಕ್ಕ, ಕೆಲಸ ಎರಡು ತಾಸಿಗೆ ಮುಗಿಯುತ್ತದೆ, ಫಲ ಅಲ್ಲೇ ಕಾಣುತ್ತದೆ. ಬಾಲ? "ಇದೆ ಮೇಡಂ, ದೊಡ್ಡದೇ ಇದೆ. ಪೋರ್ಟಲ್ ಅರ್ಜಿ, ಬೆಸ್ಕಾಂ ಒಪ್ಪಿಗೆ, ನೆಟ್ ಮೀಟರು, ಬ್ಯಾಂಕ್ ಸಾಲದ ಕಾಗದ. ಆದ್ರೆ ಅದಕ್ಕೆ ಆಫೀಸಲ್ಲಿ ಒಬ್ಬ ಹುಡುಗಿ ಇದ್ದಾಳೆ."

ಬಿ.ಕಾಂ. ಓದಿ ತಾರಸಿ ಹತ್ತುತ್ತಾನಾ ಅಂತ ಮಾವನವರಿಗೆ ಬೇಸರ. ಅದಕ್ಕೆ ನನ್ನಲ್ಲಿ ಔಷಧವಿಲ್ಲ.

ಹೊಸ ಕೆಲಸಕ್ಕೆ ಸೇರುವಾಗ ಕಾಯಿಲೆಯ ವಿಷಯ ಹೇಳಬೇಕೇ ಅಂತ ಕೇಳಿದರು. ಅಂಗವಿಕಲ ಪ್ರಮಾಣಪತ್ರ ಸಿಗುತ್ತದೆಯೇ ಅಂತಲೂ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಹತ್ತು ಜನರ ಸಂಸ್ಥೆಯಲ್ಲಿ ಹೆಸರು ಹೇಳಿ ಬರುವ ರಕ್ಷಣೆ ಕಡಿಮೆ, ಗಾಳಿಮಾತು ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಬೇರೆ ಸಲಹೆಗಾರರು ಒಪ್ಪದಿರಬಹುದು. ಹೆಸರಿನ ಬದಲು ಬೇಕಾದ್ದನ್ನು ಕೇಳಿ ಅಂದೆ. "ಬಾಯಲ್ಲಿ ಹೇಳಿದ್ದು ನನಗೆ ನಿಲ್ಲಲ್ಲ ಸರ್, ವಾಟ್ಸ್ಆ್ಯಪ್‌ನಲ್ಲಿ ಹಾಕಿ. ತಾರಸಿ ಇಳಿಯೋ ಮುಂಚೆ ಅಳತೆ, ಫೋಟೊ ಎಲ್ಲ ಕಳಿಸಿಬಿಡ್ತೀನಿ, ಕೊಟೇಶನ್ ಆಫೀಸಲ್ಲೇ ಆಗಲಿ." ಮಾಲೀಕರು ಒಪ್ಪಿದರು, ಅವರಿಗೂ ಅದೇ ಬೇಕಿತ್ತು. ಸಂಬಳ ಎರಡು ಸಾವಿರ ಕಡಿಮೆಯಾಯಿತು, ಕೂರಿಸಿದ ಪ್ರತಿ ಮನೆಗೆ ಸ್ವಲ್ಪ ಕಮಿಷನ್.

ಹೆಂಡತಿಯನ್ನೂ ಒಮ್ಮೆ ಕರೆಸಿದ್ದೆ. ಶಾಲೆಯ ಮೇಡಂ. "ಮಕ್ಕಳಿಗೆ ಗಂಟೆ ಬಾರಿಸ್ತೀನಿ, ಮನೇಲಿ ಇವರಿಗೂ ಬಾರಿಸಬೇಕು. ನಾನೇನು ಅಲಾರಮ್ಮಾ?" ಅಂದು ಕಣ್ಣೊರೆಸಿಕೊಂಡರು. ಆಫೀಸಿನ ಬಾಲ ಹಿಡಿಯಲು ಆ ಹುಡುಗಿ ಇದ್ದಾಳೆ, ಮನೆಯ ಬಾಲವೆಲ್ಲ ಇವರೊಬ್ಬರ ಕೈಯಲ್ಲೇ. ಕರೆಂಟ್ ಬಿಲ್ಲು, ಗ್ಯಾಸು, ಶಾಲಾ ಶುಲ್ಕ ಬ್ಯಾಂಕಿನಿಂದ ತಾನಾಗಿಯೇ ಕಟ್ಟಾಗುವಂತೆ ಮಾಡಿಸಿದೆವು. ಮಂಜುನಾಥರಿಗೆ ಒಂದೇ ಹೊಣೆ: ಮಗಳನ್ನು ಶಾಲೆಯಿಂದ ಕರೆತರುವುದು. ಅದನ್ನು ಅವರು ಮರೆಯುವುದಿಲ್ಲ, ಗೇಟಿನಲ್ಲಿ ಒಬ್ಬಳು ಕಾಯುತ್ತಿರುತ್ತಾಳಲ್ಲ.

ಹತ್ತು ತಿಂಗಳಾಯಿತು. ಕಳೆದ ವಾರ ಬಂದರು, ಇಪ್ಪತ್ತು ನಿಮಿಷ ತಡ. ಮುಖ ಸಪ್ಪಗಿತ್ತು. ಮೂರು ತಿಂಗಳ ಪೆಟ್ರೋಲ್ ಬಿಲ್ಲು ಆಫೀಸಿಗೆ ಕೊಟ್ಟಿಲ್ಲ, ಆರೇಳು ಸಾವಿರ ಕೈಬಿಟ್ಟಿದೆ, ಹೆಂಡತಿಗೆ ಹೇಳಿಲ್ಲ. ಚೀಟಿಗಳು ಎಲ್ಲಿ ಅಂತ ಕೇಳಿದೆ. ಕೆಳಗೆ ಹೋಗಿ ಟ್ಯಾಂಕ್ ಕವರಿನಿಂದ ಒಂದು ಹಿಡಿ ತಂದು ಮೇಜಿನ ಮೇಲೆ ಸುರಿದರು. ಬಿಸಿಲಿಗೆ ಅರ್ಧದಷ್ಟು ಚೀಟಿಗಳ ಅಕ್ಷರ ಅಳಿಸಿಹೋಗಿತ್ತು. ಉಳಿದವನ್ನು ಅಲ್ಲೇ ಜೋಡಿಸಿ, ಫೋಟೊ ತೆಗೆದು, ನನ್ನೆದುರೇ ಆಫೀಸಿನ ಹುಡುಗಿಗೆ ಕಳಿಸಿದರು. ಇನ್ನು ಮುಂದೆ ಬಂಕಿನಲ್ಲಿ ಚೀಟಿಯ ಫೋಟೊ ಕಳಿಸಿದ ಮೇಲೆಯೇ ಬೈಕ್ ಸ್ಟಾರ್ಟ್ ಮಾಡುವುದು ಅಂತ ಒಪ್ಪಂದವಾಗಿದೆ. ಕೀ ಗೊಂಚಲಿಗೆ ಒಂದು ಕೆಂಪು ದಾರ ಕಟ್ಟಿಕೊಂಡು ಹೋದರು.